ಸೆಲ್ಫ್ ಹೊಡೆಯುವ ಮುನ್ನ: ಸ್ಪೀಡುಯಿನೋ ಮತ್ತು ಮೆಗಾಸ್ಕ್ವರ್ಟ್

ಕಾರ್ಬುರೇಟರ್ ಕಾಲದ ನನ್ನ ಜಿಪ್ಸಿಗೆ ಇಂಜೆಕ್ಷನ್ ಕೂರಿಸಿ, ಕ್ರ್ಯಾಂಕಿನ ತುದಿಗೆ 36ರಲ್ಲಿ ಒಂದು ಹಲ್ಲು ಬಿಟ್ಟ ಚಕ್ರ ಬಿಗಿದು, ಒಂದೇ ಎಂಜಿನ್‌ಗೆ ಎರಡು ಇಸಿಯು (ಇಂಧನ, ಕಿಡಿಗಳನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಕಟ್ಟಿ ನೋಡಿದೆ. ಮೊದಲು ಸ್ಪೀಡುಯಿನೋ, ಎರಡು ತಿಂಗಳ ನಂತರ ಗೆಳೆಯರೊಬ್ಬರು ಕೊಟ್ಟ ಮೆಗಾಸ್ಕ್ವರ್ಟ್-2. ಮಂಡ್ಯದ ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡೇ ಗ್ಯಾರೇಜು. ಓಡಿಸುವಾಗ ಯಾವುದು ಮೇಲು ಎಂಬ ಜಗಳ ನನಗೆ ಬೇಡ. ಮೊದಲ ಸಲ ಎಂಜಿನ್ ಎಬ್ಬಿಸುವ ತನಕ ಯಾವುದು ಎಷ್ಟು ಕಾಡಿತು ಎಂಬುದಷ್ಟೇ ಈ ಹೋಲಿಕೆ.

ಸ್ಪೀಡುಯಿನೋ ಕೂರುವುದು ಆರ್ಡುಯಿನೋ ಮೆಗಾ ಬೋರ್ಡಿನ ಮೇಲೆ. ಯುಎಸ್‌ಬಿ ಕೇಬಲ್ ಚುಚ್ಚಿದರೆ ಲ್ಯಾಪ್‌ಟಾಪಿನೊಂದಿಗೆ ಮಾತು ಶುರು. ನನ್ನ ಕೈಗೆ ಬಂದ ಮೆಗಾಸ್ಕ್ವರ್ಟ್‌ನದು ಹಳೆಯ ಒಂಬತ್ತು ಪಿನ್ನಿನ ಸೀರಿಯಲ್, ನಡುವೆ ಪರಿವರ್ತಕ ಬೇಕು. ಇಲ್ಲಿ ಸ್ಪೀಡುಯಿನೋ ಗೆದ್ದಿತು ಎಂದುಕೊಂಡೆ. ಆದರೆ ಅದೇ ಕೇಬಲ್ಲು ಬೋರ್ಡಿಗೆ ಕರೆಂಟನ್ನೂ ಕೊಡುತ್ತದೆ. ಪರದೆಯ ಮೇಲೆ ಎಲ್ಲವೂ ಸರಿ ಕಾಣುತ್ತಿದೆ ಎಂದು ಒಂದು ಸಂಜೆಯೆಲ್ಲ ಹಿಗ್ಗಿದೆ. ಕೇಬಲ್ ಕಿತ್ತೊಡನೆ ಬೋರ್ಡ್ ತೆಪ್ಪಗಾಯಿತು. ಕೀಯಿಂದ ಬರಬೇಕಾದ 12 ವೋಲ್ಟಿನ ತಂತಿಯನ್ನು ನಾನು ಜೋಡಿಸಿಯೇ ಇರಲಿಲ್ಲ. ಮೆಗಾಸ್ಕ್ವರ್ಟ್‌ನಲ್ಲಿ ಈ ಮೋಸಕ್ಕೆ ಎಡೆಯಿಲ್ಲ: ಬ್ಯಾಟರಿ ಇಲ್ಲದಿದ್ದರೆ ಅದು ಉಸಿರೇ ಎತ್ತುವುದಿಲ್ಲ.

ಸೆನ್ಸರ್‌ಗಳನ್ನು ಹೊಂದಿಸುವ ಕೆಲಸದಲ್ಲಿ ಇಬ್ಬರೂ ಸಮ, ಎರಡಕ್ಕೂ ಟ್ಯೂನರ್‌ಸ್ಟುಡಿಯೋ ತಂತ್ರಾಂಶವೇ. ಎಂಜಿನ್ ನಿಂತಿರುವಾಗ, ಒಳಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಊರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ನಮ್ಮದು ಸಮುದ್ರಮಟ್ಟದಿಂದ 670 ಮೀಟರ್‌ಗೂ ಮೇಲಿರುವ ಊರು, ಹಾಗಾಗಿ 93 ಕಿಲೋಪ್ಯಾಸ್ಕಲ್‌ ಆಸುಪಾಸು ಬಂದರೆ ಸರಿ. ಪರದೆಯಲ್ಲಿ 101 ಕಂಡಿದ್ದರೆ ನಾನು ತಪ್ಪು ಸೆನ್ಸರ್ ಆರಿಸಿದ್ದೇನೆ ಎಂದೇ ಅರ್ಥ. ಇಂಧನದ ಲೆಕ್ಕದಲ್ಲಿ ಮಾತ್ರ ಎಡವಿದೆ. ಒಂದು ಪಾಲು ಪೆಟ್ರೋಲಿಗೆ ಇಷ್ಟು ಪಾಲು ಗಾಳಿ ಎಂಬ ಪುಸ್ತಕದ 14.7 ಅನುಪಾತ ಕೊಟ್ಟಾಗ, ನಿಮಿಷಕ್ಕೆ 190 ಸಿಸಿ ಸುರಿಸುವ ಇಂಜೆಕ್ಟರ್ ತೆರೆದಿರಬೇಕಾದ ಹೊತ್ತು 11 ಮಿಲಿಸೆಕೆಂಡ್ ಎಂದು ಬಂತು. ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲು. ಅದಕ್ಕೆ ಬೇಕಾದದ್ದು ಸುಮಾರು 13.5, ಅಂದರೆ 12 ಮಿಲಿಸೆಕೆಂಡ್. ಕಬ್ಬಿನ ಸೀಮೆಯಲ್ಲಿ ಹುಟ್ಟಿ ಎಥನಾಲನ್ನು ಮರೆತೆನಲ್ಲ!

ನಿಜವಾದ ಪರೀಕ್ಷೆ ಕ್ರ್ಯಾಂಕ್ ಎಲ್ಲಿದೆ ಎಂದು ತಿಳಿಯಲು ಚಕ್ರದ ಹಲ್ಲು ಎಣಿಸುವುದರಲ್ಲಿತ್ತು. ನನ್ನದು ಎರಡು ತಂತಿಯ ವಿಆರ್ ಸೆನ್ಸರ್, ಹಲ್ಲು ಹಾದಾಗಲೆಲ್ಲ ಕಾಂತದಿಂದ ವಿದ್ಯುತ್ ಅಲೆ ಎಬ್ಬಿಸುವಂಥದು. ಅದರ ಅಲೆಯನ್ನು ಸ್ಪೀಡುಯಿನೋ ನೇರವಾಗಿ ಓದಲಾರದು, ನಡುವೆ ಅಲೆಯನ್ನು ಚೌಕ ಸಂಕೇತವಾಗಿಸುವ ಕಂಡಿಷನರ್ ಎಂಬ ಪುಟ್ಟ ಬೋರ್ಡು ಬೇಕು. ಮೆಗಾಸ್ಕ್ವರ್ಟ್‌ನಲ್ಲಿ ಆ ಸರ್ಕ್ಯೂಟ್ ಒಳಗೇ ಇದೆ, ಎರಡು ಸಣ್ಣ ತಿರುಪುಗಳಿಂದ ಅದನ್ನು ಹದ ಮಾಡಬಹುದು. ಇಂಜೆಕ್ಟರ್ ಫ್ಯೂಸ್ ಕಿತ್ತು, ಪ್ಲಗ್‌ಗಳನ್ನು ಬಿಚ್ಚಿ ಸೆಲ್ಫ್ ಹೊಡೆದೆ. ಹಲ್ಲಿನಿಂದ ಹಲ್ಲಿಗೆ ಹಿಡಿದ ಹೊತ್ತನ್ನು ಕಂಬಗಳಾಗಿ ತೋರಿಸುವ ಸ್ಪೀಡುಯಿನೋದ ಹಲ್ಲಿನ ದಾಖಲೆಯಲ್ಲಿ ಕಂಬಗಳು ಒಂದೇ ಸಮ ನಿಂತು, ಬಿಟ್ಟ ಹಲ್ಲಿನ ಜಾಗದಲ್ಲಿ ಒಂದು ಕಂಬ ಎರಡರಷ್ಟು ಎತ್ತರ ಏಳಬೇಕಿತ್ತು. ಅಲ್ಲಿ ಒಂದರ ಬದಲು ಎರಡು ಅರೆಬರೆ ಕಂಬಗಳಿದ್ದವು. ಸೆನ್ಸರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದೆ, ಚಿತ್ರ ನೆಟ್ಟಗಾಯಿತು. ಆದರೂ ಬ್ಯಾಟರಿ ಸೊರಗಿದಾಗ ಆರ್‌ಪಿಎಂ ಮಧ್ಯೆ ಸೊನ್ನೆಗೆ ಜಾರುತ್ತಿತ್ತು. ಅರ್ಧ ತಪ್ಪು ನಾನು ಕಿಡಿ ಹುಟ್ಟಿಸುವ ಕಾಯಿಲ್‌ನ ತಂತಿಯ ಪಕ್ಕದಲ್ಲೇ ಎಳೆದ ಸೆನ್ಸರ್ ತಂತಿಯದು. ಮೆಗಾಸ್ಕ್ವರ್ಟ್ ಕಟ್ಟುವಾಗ ಕವಚದ ತಂತಿ ಬಳಸಿದೆ, ಹಾಗಾಗಿ ಈ ಸುತ್ತಿನ ತೀರ್ಪು ಪೂರ್ತಿ ನ್ಯಾಯದ್ದಲ್ಲ. ಹಾಗಿದ್ದೂ ತಿರುಪು ತಿರುಗಿಸಿ ಹದಕ್ಕೆ ತರುವ ಅನುಕೂಲ ನನಗೆ ಹಿಡಿಸಿತು.

ಬೆಲೆ ತೆತ್ತದ್ದು ಮಾತ್ರ ಮೆಗಾಸ್ಕ್ವರ್ಟ್‌ ಎದುರು. ಇಸಿಯುನ ಸಂಕೇತ ಏರಿದಾಗ ಕಿಡಿ ಹಾರಬೇಕೋ ಇಳಿದಾಗಲೋ ಎಂಬ ಕಿಡಿಯ ದಿಕ್ಕನ್ನು ಸ್ಪೀಡುಯಿನೋದಲ್ಲಿ ‘ಗೋಯಿಂಗ್ ಲೋ’ ಎಂದು ಇಟ್ಟಿದ್ದೆ. ರೂಢಿಯಂತೆ ಇಲ್ಲೂ ಅದನ್ನೇ ಬರೆದು ಕೀ ತಿರುಗಿಸಿದೆ. ಅದೇ ಕೆಲಸಕ್ಕೆ ಮೆಗಾಸ್ಕ್ವರ್ಟ್ ಕೇಳುವುದು ‘ಗೋಯಿಂಗ್ ಹೈ’. ಎಂಜಿನ್ ತಿರುಗದೆಯೇ ಕಾಯಿಲ್‌ಗೆ ಕರೆಂಟ್ ಹರಿಯುತ್ತಲೇ ಇತ್ತು. ಸುಟ್ಟ ವಾಸನೆ ಮೂಗಿಗೆ ಬಡಿದಾಗ ಮುಟ್ಟಿ ನೋಡಿದೆ, ದೋಸೆ ಹೆಂಚು! ಆ ಕಾಯಿಲ್ ಮತ್ತೆ ಏಳಲಿಲ್ಲ. ಪಕ್ಕದ ಬೀದಿಯ ಹಿರಿಯ ಮೆಕ್ಯಾನಿಕ್ ಒಬ್ಬರು ಇಣುಕಿ, “ಕಾರ್ಬುರೇಟರ್ ಇದ್ದಿದ್ದರೆ ಇಷ್ಟು ಹೊತ್ತಿಗೆ ಮೇಲುಕೋಟೆಗೆ ಹೋಗಿ ಪುಳಿಯೋಗರೆ ತಿಂದು ಬಂದಿರುತ್ತಿದ್ದಿರಿ ಸಾರ್” ಎಂದರು. ಅಂದಿನಿಂದ ಇಸಿಯು ಯಾವುದೇ ಇರಲಿ, ಈ ಒಂದು ಸಾಲು ನೋಡುವ ತನಕ ಕಾಯಿಲ್ ಫ್ಯೂಸ್ ನನ್ನ ಜೇಬಿನಲ್ಲೇ ಇರುತ್ತದೆ.

ಹೊಸ ಕಾಯಿಲ್ ಹಾಕಿ, ಕಿಡಿ ಹಾರುವ ಟೈಮಿಂಗನ್ನು 10 ಡಿಗ್ರಿಗೆ ಕಟ್ಟಿ, ಟೈಮಿಂಗ್ ಲೈಟಿನಲ್ಲಿ ಗುರುತು ಹೊಂದಿಸಿದ ಮೇಲೆ ಮೂರನೆಯ ಸೆಲ್ಫ್‌ಗೆ ಜಿಪ್ಸಿ ಎದ್ದು ನಿಂತಿತು. ಸ್ಪೀಡುಯಿನೋದಲ್ಲಿ ಇದೇ ಹಂತಕ್ಕೆ ಎರಡು ಭಾನುವಾರ ಹಿಡಿದಿತ್ತು.

ಜಿಪ್ಸಿಯಲ್ಲಿ ಈಗ ಮೆಗಾಸ್ಕ್ವರ್ಟ್ ಇದೆ. ಸ್ಪೀಡುಯಿನೋ ಗೆಳೆಯರ ಮಾರುತಿ 800ಕ್ಕೆ ಹೋಗಲಿದೆ. ಅದಕ್ಕೆ ವಿಆರ್ ಬೇಡ, ಕಂಡಿಷನರ್ ಕೇಳದ ಹಾಲ್ ಸೆನ್ಸರ್ ತಂದಿಟ್ಟಿದ್ದೇನೆ. 12 ವೋಲ್ಟಿನ ತಂತಿಯನ್ನೂ ಈಗಲೇ ಬೆಸೆದಿಟ್ಟಿದ್ದೇನೆ.