ಹೆಸರಘಟ್ಟದ ಬೇವಿನ ಸೋಪು: ದಾಸವಾಳಕ್ಕೆ ಸರಿ, ಲಾನಿನ ಜೇಕಿಗೆ ಅಲ್ಲ

ದಾಸವಾಳ ಬೆಳೆಸುವವರಿಗೆ ಹಿಟ್ಟು ತಿಗಣೆಯ ಕಾಟ ಗೊತ್ತೇ ಇರುತ್ತದೆ. ಮೊಗ್ಗಿನ ಬುಡದಲ್ಲಿ ಬೆಳ್ಳಗೆ ಹತ್ತಿಯ ಹಾಗೆ ಅಂಟಿಕೊಂಡು ರಸ ಹೀರುತ್ತದೆ. ಎಲೆ ಮುದುಡುತ್ತದೆ, ಮೊಗ್ಗು ಉದುರುತ್ತದೆ. ಯಲಹಂಕದ ನಮ್ಮ ಮನೆಯಲ್ಲಿ ಇದಕ್ಕೆ ನಾನು ಬಳಸುವುದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು. ನಮ್ಮ ಹೂವು ದೇವರಿಗೆ ಹೋಗುತ್ತದೆ, ಜೇನ್ನೊಣಗಳೂ ಬರುತ್ತವೆ. ಇಮಿಡಾಕ್ಲೋಪ್ರಿಡ್ ಥರದ ರಾಸಾಯನಿಕ ಕೀಟನಾಶಕ ಗಿಡದೊಳಗೆ ಹರಿದು ಮಕರಂದಕ್ಕೂ ಸೇರುತ್ತದೆ. ಅದು ನನಗೆ ಬೇಡವೇ ಬೇಡ.

ಲೀಟರ್ ನೀರಿಗೆ 5ರಿಂದ 10 ಗ್ರಾಂ ಸಾಕು. ಸೋಪು ತುರಿದು ಸ್ವಲ್ಪ ಬಿಸಿನೀರಲ್ಲಿ ಕರಗಿಸಿ, ಆಮೇಲೆ ತಣ್ಣೀರು ಸೇರಿಸುತ್ತೇನೆ. ಬೋರ್‌ವೆಲ್‌ನ ಗಡಸು ನೀರಲ್ಲಿ ಸರಿಯಾಗಿ ಕರಗುವುದಿಲ್ಲ, ಹಿಡಿದಿಟ್ಟ ಮಳೆನೀರು ಒಳ್ಳೆಯದು. ಬಿಸಿಲು ಇಳಿದ ಮೇಲೆ ಹೊಡೆಯಿರಿ, ಎಲೆಯ ಅಡಿಗೂ ಹೊಡೆಯಿರಿ. ಹುಳದ ಮೈಗೆ ತಾಗಿದರೆ ಮಾತ್ರ ಇದರ ಕೆಲಸ. ಅದಕ್ಕೇ ಮೊದಲು ಪೈಪಿನ ನೀರು ಜೋರಾಗಿ ಬಿಟ್ಟು ತಿಗಣೆ ಉದುರಿಸಿಕೊಳ್ಳಬೇಕು. ಹತ್ತಿಯಂಥ ಚೀಲದೊಳಗೆ ತಿಗಣೆ ಇಟ್ಟ ಮೊಟ್ಟೆ ಉಳಿದುಬಿಡುತ್ತದೆ, ಹಾಗಾಗಿ ಸುಮಾರು 10 ದಿನಕ್ಕೆ ಮತ್ತೊಮ್ಮೆ ಹೊಡೆಯಬೇಕು.

ಸೋಪೊಂದನ್ನೇ ನಂಬಿದರೆ ಆಗುವುದಿಲ್ಲ. ಇರುವೆ ಸಾಲು ನೋಡಿದ್ದೀರಾ? ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ತಿನ್ನಲು ಬಂದ ಹುಳಗಳನ್ನು ಓಡಿಸುತ್ತವೆ. ಕಾಂಡಕ್ಕೆ ಟೇಪು ಸುತ್ತಿ ಅದರ ಮೇಲೆ ಗ್ರೀಸ್ ಬಳಿಯಿರಿ. ಗೋಡೆಗೆ ತಾಗುವ ರೆಂಬೆ ಕತ್ತರಿಸಿ, ಇಲ್ಲದಿದ್ದರೆ ಇರುವೆ ಆ ದಾರಿ ಹಿಡಿಯುತ್ತದೆ.

ಇನ್ನೊಂದು ವಿಷಯ ದಯವಿಟ್ಟು ನೆನಪಿಡಿ. ತಿಗಣೆಗಿಂತ ದೊಡ್ಡದಾಗಿ, ಉದ್ದುದ್ದ ಬಿಳಿ ಎಳೆ ಹೊತ್ತು ಚುರುಕಾಗಿ ಓಡಾಡುವ ಮರಿ ಕಂಡರೆ ಅಲ್ಲಿ ಸೋಪು ಹೊಡೆಯಬೇಡಿ. ಅದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳದ ಮರಿ. 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದದ್ದು. ಬಲಿತ ಹುಳಕ್ಕೆ ಕಪ್ಪು ಬೆನ್ನು, ಕಿತ್ತಳೆ ತಲೆ. ಮರಿಯೂ ತಿಗಣೆ ತಿನ್ನುತ್ತದೆ, ದೊಡ್ಡದೂ ತಿನ್ನುತ್ತದೆ. ನೋಡಲು ತಿಗಣೆಯಂತೆಯೇ ಇರುವುದರಿಂದ ಜನ ಹೊಸಕಿಹಾಕುತ್ತಾರೆ. ಎಷ್ಟು ಅನ್ಯಾಯ ಅಲ್ವಾ?

ಗುಲಾಬಿಯ ಸಸ್ಯಹೇನಿಗೂ ಸೋಪು ಚೆನ್ನಾಗಿ ಕೆಲಸ ಮಾಡುತ್ತದೆ. ಕಪ್ಪು ಚುಕ್ಕೆ ರೋಗಕ್ಕೆ ಇದನ್ನು ನೆಚ್ಚಿಕೊಳ್ಳಬೇಡಿ. ಉದುರಿದ ಎಲೆ ಗುಡಿಸಿ ತೆಗೆಯಿರಿ, ನೀರನ್ನು ಎಲೆಗಲ್ಲ, ಬುಡಕ್ಕೆ ಹಾಕಿ.

ಲಾನಿನ ಕಳೆಗೆ ಈ ಸೋಪಿನಿಂದ ಏನೂ ಆಗದು. ಜೇಕನ್ನು ಮೇಲಿಂದ ಕಿತ್ತರೂ ಮಣ್ಣೊಳಗಿನ ಗಡ್ಡೆ ಮತ್ತೆ ಚಿಗುರುತ್ತದೆ. ಮಳೆ ಬಂದು ಮಣ್ಣು ಮೆದುವಾದಾಗ ಕೈಗುದ್ದಲಿಯಿಂದ ಗಡ್ಡೆ ಸಮೇತ ಎತ್ತಬೇಕು. ಹುಲ್ಲನ್ನು ತೀರಾ ಬೋಳಿಸಬೇಡಿ, ದಟ್ಟವಾಗಿದ್ದರೆ ಹೊಸ ಕಳೆಗೆ ಜಾಗ ಸಿಗುವುದಿಲ್ಲ.

ಬಾಲ್ಕನಿಯ ಕುಂಡಗಳಿಗೂ ಸಣ್ಣ ಕೈತೋಟಕ್ಕೂ ಈ ಸೋಪು ಧೈರ್ಯವಾಗಿ ತೆಗೆದುಕೊಳ್ಳಿ. ಒಂದೇ ಸಲ ಹೊಡೆದು ಮರೆತುಬಿಡುವ ಔಷಧ ಬೇಕು ಅನ್ನುವವರಿಗೆ ಇದು ಹಿಡಿಸುವುದಿಲ್ಲ.