ಬಣ್ಣ ಹೋಯ್ತು, ಆದ್ರೆ ಲೈಟಿಂದ ಅಲ್ಲ: ಫೋಟೋಕ್ಯಾಟಲಿಸ್ಟ್ ನೀರಿನ ಜಗ್, 5ಕ್ಕೆ 2 ಸ್ಟಾರ್

ನಮ್ಮದು ಪುತ್ತೂರು ಹತ್ರ ಅಡಿಕೆ ತೋಟ, ಕುಡಿಯೋದು ಬಾವಿ ನೀರು. ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಹೊಡೀತಿದ್ದ ಕಥೆ ಕೇಳ್ಕೊಂಡೇ ಬೆಳೆದದ್ದು ನಾವು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ನಿಲ್ಲಿಸಿದ್ರೂ ಅಮ್ಮನ ಹೆದರಿಕೆ ಮಾತ್ರ ನಿಲ್ಲಲಿಲ್ಲ, ಹಾಗಾಗಿ "ಬೆಳಕಿನಿಂದ ಕೀಟನಾಶಕ ನಾಶ" ಅಂತ ಆನ್‌ಲೈನಲ್ಲಿ ಕಂಡದ್ದೇ ತಡ 4,200 ಕೊಟ್ಟು ತರಿಸಿದೆ.

ಐಡಿಯಾ ಒಳ್ಳೇದೇ, ಸುಳ್ಳು ಹೇಳ್ಬಾರ್ದು. ಒಳಗೆ ಸಾಸಿವೆಗಿಂತ ಸ್ವಲ್ಪ ದಪ್ಪದ ಬೂದು ಕಾಳುಗಳುಂಟು, ಕಾರ್ಬನ್ ಮೇಲೆ ಅನಟೇಸ್ ಅನ್ನೋ ರೂಪದ ಟೈಟಾನಿಯಂ ಡೈಆಕ್ಸೈಡ್ ಕೂರಿಸಿದ್ದಂತೆ, ಬೆಳಕು ಬಿದ್ರೆ ಕೆಲ್ಸ ಮಾಡೋ ಫೋಟೋಕ್ಯಾಟಲಿಸ್ಟ್ ಅಂದ್ರೆ ಇದೇ. ಮಾಮೂಲಿ ಕಾರ್ಬನ್ ಫಿಲ್ಟರ್ ವಿಷ ಹಿಡ್ಕೊಳ್ತದೆ ಅಷ್ಟೇ, ತುಂಬಿದ್ಮೇಲೆ ಬಿಸಾಡ್ಬೇಕು. ಇದ್ರಲ್ಲಿ ಕಾರ್ಬನ್ನಿನ ತೂತುಗಳು ಹಿಡಿದಿಟ್ಟ ವಿಷವನ್ನ, ಟೈಟಾನಿಯಂ ಡೈಆಕ್ಸೈಡ್ ಬೆಳಕನ್ನ ಕುಡಿದು, ಹೈಡ್ರಾಕ್ಸಿಲ್ ರಾಡಿಕಲ್ ಅನ್ನೋ ಸಿಕ್ಕಿದ್ದನ್ನೆಲ್ಲ ಒಡೆಯೋ ಕಣ ಹುಟ್ಟಿಸಿ, ಅಲ್ಲೇ ಚೂರುಚೂರು ಮಾಡ್ಬೇಕು. ಬಾಕ್ಸ್ ಮೇಲೆ 2025ರ ಕೆಮಿಸ್ಟ್ರಿ ನೊಬೆಲ್ ಬಗ್ಗೆಯೂ ಪ್ರಿಂಟ್ ಮಾಡಿದ್ದಾರೆ, ಆ ನೊಬೆಲ್ ಬಂದದ್ದು ಎಂಓಎಫ್‌ಗೆ, ಲೋಹ ಮತ್ತು ಸಾವಯವ ಕೊಂಡಿ ಸೇರಿಸಿ ಕಟ್ಟಿದ ತೂತುತೂತಿನ ವಸ್ತುಗಳಿಗೆ. ಇದ್ರಲ್ಲಿ ಎಂಓಎಫ್ ಇಲ್ವೇ ಇಲ್ಲ ಮಾರ್ರೆ!

ಎಡವಟ್ಟು ಕಂಡದ್ದು ಜಗ್ಗಿನ ಜೊತೆ ಬಂದ ಲೈಟ್ ಬಿಚ್ಚಿದಾಗ. ಎಲ್‌ಇಡಿ ಮೇಲೆ ಬೆಳಕಿನ ಅಲೆಯುದ್ದ 405 ನ್ಯಾನೋಮೀಟರ್ ಅಂತ ಬರ್ದಿದೆ. ಅನಟೇಸಿಗೆ 390ರ ಒಳಗಿನ ಯುವಿ ಬೇಕು, ಈ ನೇರಳೆ ಬೆಳಕಿಗೆ ಅದು ಕ್ಯಾರೇ ಅನ್ನಲ್ಲ. ಕಸ್ಟಮರ್ ಕೇರಿಗೆ ಬರೆದ್ರೆ ಒಂದು ಲ್ಯಾಬ್ ರಿಪೋರ್ಟ್ ಕಳ್ಸಿದ್ರು, ನೋಡಿದ್ರೆ ಟೆಸ್ಟ್ ಮಾಡಿದ್ದು ಮಿಥಿಲೀನ್ ಬ್ಲೂ ಬಣ್ಣದ ಮೇಲೆ, ಕೀಟನಾಶಕದ ಹೆಸರೇ ಇಲ್ಲ.

ಸರಿ ಅಂತ ಅಕ್ವೇರಿಯಂ ಅಂಗಡಿಯಿಂದ ಮೀನಿಗೆ ಹಾಕೋ ಅದೇ ನೀಲಿ ಮದ್ದು ತಂದೆ. ಎರಡು ಬಾಟ್ಲಿಗೂ ಐದೈದು ಹನಿ, ಒಂದೊಂದು ಚಮಚ ಕಾಳು. ಒಂದಕ್ಕೆ ಲೈಟ್ ಇಟ್ಟೆ, ಇನ್ನೊಂದನ್ನ ಹಳೇ ಪಂಚೆ ಸುತ್ತಿ ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಎರಡು ಗಂಟೆ ಬಿಟ್ಟು ನೋಡಿದ್ರೆ ಎರಡೂ ಒಂದೇ ಥರ ತಿಳಿಯಾಗಿವೆ! ಅಂದ್ರೆ ಕಾಳು ಬಣ್ಣ ಹೀರ್ಕೊಂಡಿದೆ, ಲೈಟ್ ಸುಮ್ನೆ ಶೋಗೆ. ಮೂರನೇ ಸಲ ಅದೇ ಕಾಳಿಗೆ ಹನಿ ಹಾಕಿದಾಗ ನೀಲಿ ಹಾಗೇ ಉಳೀತು, ಹೊಟ್ಟೆ ತುಂಬಿತ್ತು ಅದಕ್ಕೆ.

ಎರಡು ಸ್ಟಾರ್ ಕೊಟ್ಟದ್ದು ಹೀರ್ಕೊಳ್ಳೋ ಕೆಲ್ಸ ಮಾಡ್ತದೆ ಅಂತ, ಆದ್ರೆ ಅದಕ್ಕೆ ಸಾದಾ ಕಾರ್ಬನ್ ಫಿಲ್ಟರ್ ಕ್ಯಾಂಡಲ್ ಸಾಕಿತ್ತು, ದುಡ್ಡೂ ಉಳೀತಿತ್ತು. ತಗೊಳ್ಳೋ ಯೋಚ್ನೆ ಇದ್ರೆ ಕತ್ತಲಲ್ಲಿಟ್ಟು ಮಾಡಿದ ಟೆಸ್ಟ್ ರಿಪೋರ್ಟ್ ಉಂಟಾ ಅಂತ ಮೊದ್ಲು ಕೇಳಿ.

ನನ್ನ ರಿಟರ್ನ್ ಡೇಟ್ ಮುಗಿದಿತ್ತು. ಚಾರ್ಜ್ ನಿಲ್ಲೋ ಲೈಟ್ ಅಲ್ವಾ, ಈಗ ಕರೆಂಟ್ ಹೋದಾಗ ಅಮ್ಮ ಅದನ್ನ ಹಿಡ್ಕೊಂಡು ಬೆಂಕಿಪೊಟ್ಣ ಹುಡುಕ್ತಾರೆ.