ರೂಟ್ ಕೆನಾಲ್ ನಂತರದ ನೋವು ಮತ್ತು ಬೇರು ತೊಳೆಯುವ ಕ್ರಮ: ಎರಡು ಚಿಕಿತ್ಸೆಗಳ ವಿಮರ್ಶೆ

ಐದು ವರ್ಷಗಳ ಅಂತರದಲ್ಲಿ ನನ್ನ ಕೆಳದವಡೆಯ ಎರಡು ಬದಿಯ ದವಡೆಹಲ್ಲುಗಳಿಗೂ ರೂಟ್ ಕೆನಾಲ್, ಅಂದರೆ ಬೇರಿನೊಳಗಿನ ನಾಳದಿಂದ ಕೆಟ್ಟ ನರವನ್ನು ತೆಗೆದು, ತೊಳೆದು, ಮುಚ್ಚುವ ಚಿಕಿತ್ಸೆ ಮಾಡಿಸಬೇಕಾಯಿತು. ಮೊದಲನೆಯದು ಮುಗಿದ ಮೇಲೆ ಐದು ದಿನ ಅನ್ನದ ಅಗುಳು ತಾಗಿದರೂ ಜೀವ ಹೋಗುವಂತಹ ನೋವಿತ್ತು. ಎರಡನೆಯದು ಮುಗಿದ ರಾತ್ರಿ ಒಂದೇ ಒಂದು ನೋವಿನ ಮಾತ್ರೆ ನುಂಗಿ ಮಲಗಿದವಳು ಬೆಳಿಗ್ಗೆಯವರೆಗೆ ಎಚ್ಚರಗೊಳ್ಳಲಿಲ್ಲ. ಎರಡೂ ಚಿಕಿತ್ಸೆಗಳು ದಾವಣಗೆರೆಯಲ್ಲಿಯೇ, ಆದರೆ ಬೇರೆ ಬೇರೆ ಚಿಕಿತ್ಸಾಲಯಗಳಲ್ಲಿ ನಡೆದವು. ಒಂದನ್ನು ಹಳಿಯುವುದಾಗಲಿ ಇನ್ನೊಂದಕ್ಕೆ ಪ್ರಚಾರ ಕೊಡುವುದಾಗಲಿ ನನ್ನ ಉದ್ದೇಶವಲ್ಲವಾದ್ದರಿಂದ ಎರಡರ ಹೆಸರನ್ನೂ ಬರೆದಿಲ್ಲ. ಎರಡನೆಯ ವೈದ್ಯರು ಬೇರನ್ನು ತೊಳೆದ ಕ್ರಮವೇ ಇಲ್ಲಿ ನನ್ನ ವಿಮರ್ಶೆಯ ವಿಷಯ. ಯಾವ ಊರಿನ ರೋಗಿಯೂ ಕೇಳಿ ಪಡೆಯಬಹುದಾದ ಸೇವೆ ಅದು, ಆದರೆ ನಮ್ಮಲ್ಲಿ ಹೆಚ್ಚಿನವರು ಕೇಳುವುದು ಖರ್ಚೆಷ್ಟು, ಎಷ್ಟು ಸಿಟಿಂಗ್ ಎಂಬ ಎರಡೇ ಪ್ರಶ್ನೆ.

ಮೊದಲ ಚಿಕಿತ್ಸೆಯಲ್ಲಿ ನನಗೆ ನೆನಪಿರುವುದು ಗಂಟಲಿಗಿಳಿದ ಬ್ಲೀಚಿಂಗ್ ಪೌಡರಿನ ರುಚಿ. ಹಲ್ಲಿನೊಳಗೆ ಸಿರಿಂಜಿನಿಂದ ಔಷಧಿ ಹಾಕುತ್ತಿದ್ದರು, ಅದು ಬಾಯಿಗೆಲ್ಲ ಹರಿಯುತ್ತಿತ್ತು, ನಾನು ಎದ್ದೆದ್ದು ಉಗಿಯುತ್ತಿದ್ದೆ. ಆ ದ್ರವ ಸೋಡಿಯಂ ಹೈಪೋಕ್ಲೋರೈಟ್ ಎಂದು, ಊರಿನ ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರಿನ ಹತ್ತಿರದ ಸಂಬಂಧಿಯೆಂದು ಆಮೇಲೆ ತಿಳಿಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಹೆನ್ರಿ ಡೇಕಿನ್ ಮತ್ತು ಅಲೆಕ್ಸಿಸ್ ಕ್ಯಾರೆಲ್ ಅವರು ಸೈನಿಕರ ಗಾಯ ತೊಳೆಯಲು ಇದರ ಸುಮಾರು 0.5 ಶೇಕಡಾ ದ್ರಾವಣವನ್ನು ಬಳಕೆಗೆ ತಂದರು. ಹಲ್ಲಿನ ಚಿಕಿತ್ಸೆಯಲ್ಲಿ 0.5ರಿಂದ 5.25 ಶೇಕಡಾವರೆಗೂ ಬಳಸುತ್ತಾರೆ. ಸತ್ತ ನರದ ಅಂಶವನ್ನು ಕರಗಿಸುವುದು, ರೋಗಾಣುಗಳನ್ನು ಕೊಲ್ಲುವುದು ಎರಡನ್ನೂ ಇದರಷ್ಟು ಚೆನ್ನಾಗಿ ಮಾಡುವ ದ್ರವ ಇನ್ನೊಂದಿಲ್ಲ. ಆದರೆ ಸತ್ತ ಅಂಶವನ್ನು ಕರಗಿಸುವ ಗುಣವೇ ಜೀವಂತ ಅಂಗಾಂಶವನ್ನೂ ಸುಡುತ್ತದೆ. ಒತ್ತಡದಿಂದ ತಳ್ಳಿದ್ದು ಬೇರಿನ ತುದಿಯನ್ನು ದಾಟಿ ಆಚೆಗೆ ಹೋದರೆ ಆ ಕ್ಷಣವೇ ತೀವ್ರ ನೋವು, ಮುಖದ ಊತ, ಚರ್ಮ ಕಪ್ಪಿಡುವಂತಹ ತೊಂದರೆಗಳು ಕಾಣಿಸುತ್ತವೆ. ನನಗೆ ಅಷ್ಟು ದೊಡ್ಡ ಅನಾಹುತವೇನೂ ಆಗಲಿಲ್ಲ. ಆದರೂ ಆ ಐದು ದಿನಗಳ ನೋವಿಗೆ ತೊಳೆದ ರೀತಿಯೂ ಒಂದು ಕಾರಣವಿರಬಹುದೆಂಬ ಗುಮಾನಿ ನನಗೆ ಎರಡನೆಯ ವೈದ್ಯರ ಕುರ್ಚಿಯಲ್ಲಿ ಕುಳಿತಾಗ ಮೂಡಿತು.

ಎರಡನೆಯ ವೈದ್ಯರು ಎಂಡೋಡಾಂಟಿಕ್ಸ್, ಅಂದರೆ ಹಲ್ಲಿನ ನರ ಮತ್ತು ಬೇರಿನ ಚಿಕಿತ್ಸೆಯ ವಿಷಯದಲ್ಲಿ ಎಂಡಿಎಸ್ ಎಂಬ ಸ್ನಾತಕೋತ್ತರ ಪದವಿ ಮಾಡಿದವರು. ಮರಗಟ್ಟುವ ಇಂಜೆಕ್ಷನ್ ಕೊಟ್ಟ ಮೇಲೆ ಅವರು ಮೊದಲು ಮಾಡಿದ ಕೆಲಸವೆಂದರೆ ನೀಲಿ ಬಣ್ಣದ ತೆಳು ರಬ್ಬರ್ ಹಾಳೆಗೆ ತೂತು ಮಾಡಿ, ಆ ತೂತಿನಿಂದ ಆ ಒಂದು ಹಲ್ಲು ಮಾತ್ರ ಮೇಲೆ ಕಾಣುವಂತೆ ಕ್ಲ್ಯಾಂಪಿನಿಂದ ಬಿಗಿದದ್ದು. ರಬ್ಬರ್ ಡ್ಯಾಮ್ ಎಂದು ಇದಕ್ಕೆ ಹೆಸರು. ಹಾಳೆ ಹಾಕಿದ ಮೇಲೆ ಔಷಧಿಯ ಒಂದು ಹನಿಯೂ ನಾಲಿಗೆಗೆ ತಾಗಲಿಲ್ಲ, ಬಾಯಿಯ ಎಂಜಲೂ ಹಲ್ಲಿನೊಳಗೆ ಹೋಗಲಿಲ್ಲ. ಇದಿಲ್ಲದೆ ಮಾಡಿದ ತೊಳೆಯುವಿಕೆಗೆ ಅರ್ಥವಿಲ್ಲವೆಂದೇ ನಾನೀಗ ತಿಳಿದಿದ್ದೇನೆ, ಏಕೆಂದರೆ ಒಂದು ಕಡೆ ರೋಗಾಣುಗಳನ್ನು ತೊಳೆಯುತ್ತಲೇ ಇನ್ನೊಂದು ಕಡೆ ಎಂಜಲಿನೊಂದಿಗೆ ಅವನ್ನೇ ಒಳಗೆ ಬಿಟ್ಟುಕೊಂಡಂತಾಗುತ್ತದೆ.

ನಾನು ಹಿಂದಿನ ಅನುಭವ ಹೇಳಿದ್ದರಿಂದ ಅವರು ಎರಡು ಸೂಜಿಗಳನ್ನು ಅಂಗೈ ಮೇಲಿಟ್ಟು ತೋರಿಸಿದರು. ಒಂದು ನಾವೆಲ್ಲ ಕಂಡಿರುವ ತುದಿ ತೆರೆದ ಸೂಜಿ. ಇನ್ನೊಂದು ಸುಮಾರು 0.3 ಮಿಲಿಮೀಟರ್ ಅಡ್ಡಳತೆಯ, 30 ಗೇಜಿನ ತೆಳು ಸೂಜಿ. ಅದರ ತುದಿ ಮುಚ್ಚಿ ಗುಂಡಗಾಗಿತ್ತು, ಪಕ್ಕದಲ್ಲಿ ಸಣ್ಣ ಸೀಳಿತ್ತು. ಅವರು ಸಿರಿಂಜ್ ಒತ್ತಿದಾಗ ನೀರು ಮುಂದಕ್ಕೆ ಚಿಮ್ಮದೆ ಪಕ್ಕಕ್ಕೆ ಬಳುಕಿ ಹೊರಬಂದಿತು. ಬೇರಿನ ಉದ್ದವನ್ನು ಅಪೆಕ್ಸ್ ಲೊಕೇಟರ್ ಎಂಬ ಯಂತ್ರದಿಂದ ಅಳೆದು, ತುದಿಗಿಂತ ಒಂದೆರಡು ಮಿಲಿಮೀಟರ್ ಮೇಲೆಯೇ ಸೂಜಿ ನಿಲ್ಲುವಂತೆ ಅದಕ್ಕೆ ಪುಟ್ಟ ರಬ್ಬರ್ ಗುರುತು ಸಿಕ್ಕಿಸಿದರು. ಸೂಜಿ ನಾಳದಲ್ಲಿ ಎಲ್ಲಿಯೂ ಕಚ್ಚಿಕೊಳ್ಳದಂತೆ ಮೇಲೆ ಕೆಳಗೆ ಆಡಿಸುತ್ತ, ಹೆಬ್ಬೆರಳಿನ ಬದಲು ತೋರುಬೆರಳಿನಿಂದ ನಿಧಾನವಾಗಿ ಒತ್ತುತ್ತಿದ್ದರು. ಹೆಬ್ಬೆರಳಿನಿಂದ ಒತ್ತಿದರೆ ಬಲ ಮೀರುತ್ತದೆ ಎಂದರು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಜತನವೇ ಎಂದು ಆಗ ಅನ್ನಿಸಿತ್ತು. ರಾತ್ರಿ ನೋವಿಲ್ಲದೆ ಮಲಗಿದಾಗ ಆ ಜತನದ ಬೆಲೆ ತಿಳಿಯಿತು.

ತೊಳೆಯುವುದಕ್ಕೆ ಇಷ್ಟು ಮಹತ್ವವೇಕೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ಹಲ್ಲಿನ ನಾಳವು ನೆಟ್ಟಗಿನ ಕೊಳವೆಯಲ್ಲ. ಅದರಲ್ಲಿ ಪಕ್ಕದ ಕವಲುಗಳು, ಎರಡು ನಾಳಗಳನ್ನು ಜೋಡಿಸುವ ಕಿರಿದಾದ ಸಂದುಗಳು ಇರುತ್ತವೆ. ಫೈಲ್ ಎಂಬ ಅರದಂತಹ ಸಾಧನ ಎಷ್ಟೇ ಒಳ್ಳೆಯದಾಗಿದ್ದರೂ ನಾಳದ ಗೋಡೆಯ ಮೂರನೇ ಒಂದು ಭಾಗದಷ್ಟನ್ನು ಮುಟ್ಟದೆಯೇ ಉಳಿಯಬಹುದು. ಅಲ್ಲಿಗೆ ತಲುಪಬಲ್ಲದ್ದು ದ್ರವ ಮಾತ್ರ. ಫೈಲ್ ಉಜ್ಜಿದಾಗ ಗೋಡೆಗೆ ಅಂಟಿಕೊಳ್ಳುವ ಪುಡಿಯ ಪದರವನ್ನು ಹೈಪೋಕ್ಲೋರೈಟ್ ಪೂರ್ತಿ ತೆಗೆಯಲಾರದು. ಅದಕ್ಕೆ 17 ಶೇಕಡಾ ಇಡಿಟಿಎ ದ್ರಾವಣವನ್ನು ಸುಮಾರು ಒಂದು ನಿಮಿಷ ಬಿಡುತ್ತಾರೆ. ಇದರ ಜೊತೆಗೆ ಇನ್ನೊಂದು ತೊಡಕಿದೆ. ಲೋಟವನ್ನು ಬೋರಲು ಹಿಡಿದು ನೀರಿಗೆ ಅದ್ದಿದರೆ ಒಳಗಿನ ಗಾಳಿ ಹೇಗೆ ನೀರನ್ನು ಬಿಟ್ಟುಕೊಳ್ಳುವುದಿಲ್ಲವೋ, ಹಾಗೆಯೇ ಬೇರಿನ ತುದಿಯಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆ ಔಷಧಿಯನ್ನು ಕೆಳಗಿಳಿಯಲು ಬಿಡುವುದಿಲ್ಲ. ಜೋರಾಗಿ ಒತ್ತಿದರೆ ಇಳಿಯಬಹುದು, ಆದರೆ ತುದಿಯ ಆಚೆಗೂ ಹೋಗಬಹುದು. ಇಳಿಯಬೇಕು, ದಾಟಬಾರದು ಎಂಬ ಈ ಬಿಕ್ಕಟ್ಟನ್ನು ಬಿಡಿಸಲೆಂದೇ ಬೇರೆ ಬೇರೆ ವಿಧಾನಗಳು ಹುಟ್ಟಿಕೊಂಡಿವೆ.

ನನ್ನ ಹಲ್ಲಿಗೆ ಬಳಸಿದ್ದು ಎಂಡೋಆಕ್ಟಿವೇಟರ್ ಎಂಬ ಕೈಯಲ್ಲಿ ಹಿಡಿಯುವ ಸಾಧನ. ಅದರ ತೆಳುವಾದ ಪ್ಲಾಸ್ಟಿಕ್ ತುದಿ ನಾಳದಲ್ಲಿ ತುಂಬಿದ ದ್ರವದ ನಡುವೆ ನಿಂತು ನಡುಗುತ್ತದೆ, ಹೊಸದಾಗಿ ಏನನ್ನೂ ಒಳಗೆ ತಳ್ಳುವುದಿಲ್ಲ. ಒಳಗೆ ಸಣ್ಣಗೆ ಗುಂಯ್‌ಗುಡುವ ಸದ್ದು ದವಡೆಯ ಮೂಲೆಯಲ್ಲಿ ಕೇಳಿಸುತ್ತದೆ, ನೋವಿಲ್ಲ. ಎಂಡೋವ್ಯಾಕ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ದ್ರವವನ್ನು ಮೇಲೆ ಸುರಿದು, ತುದಿಯಲ್ಲಿಟ್ಟ ಸಣ್ಣ ಕೊಳವೆಯಿಂದ ಕೆಳಗಿನಿಂದ ಹೀರಿಕೊಳ್ಳುತ್ತಾರೆ. ತಳ್ಳುವ ಬದಲು ಸೆಳೆಯುವುದರಿಂದ ದ್ರವ ಆಚೆಗೆ ಹೋಗುವ ಭಯ ಬಹಳ ಕಡಿಮೆ. ನನ್ನ ಅಭಿಪ್ರಾಯದಲ್ಲಿ ತತ್ತ್ವದ ಮಟ್ಟಿಗೆ ಇದೇ ಹೆಚ್ಚು ಸುರಕ್ಷಿತ, ಆದರೆ ನಾನು ಹೋದಲ್ಲಿ ಅದಿರಲಿಲ್ಲ. ಯಾವ ಯಂತ್ರವೂ ಇಲ್ಲದ ಚಿಕಿತ್ಸಾಲಯದಲ್ಲಿಯೂ ನಾಳಕ್ಕೆ ಹೊಂದುವ ಗಟಾಪರ್ಚಾ ಕಡ್ಡಿಯನ್ನು (ಕೊನೆಗೆ ನಾಳ ತುಂಬಲು ಬಳಸುವ ರಬ್ಬರಿನಂತಹ ಕಡ್ಡಿ) ದ್ರವದಲ್ಲಿ ಮೇಲೆ ಕೆಳಗೆ ಆಡಿಸಿ ಗಾಳಿಗುಳ್ಳೆ ಒಡೆಯಬಹುದು. ಆದ್ದರಿಂದ ದುಬಾರಿ ಯಂತ್ರವಿಲ್ಲವೆಂಬ ಕಾರಣಕ್ಕೆ ಯಾವ ವೈದ್ಯರನ್ನೂ ಕೀಳಾಗಿ ಕಾಣಬೇಕಿಲ್ಲ.

ಈ ಸೇವೆಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಕೊನೆಯ ಐದು ನಿಮಿಷ. ಸಹಾಯಕಿ ಐಸ್ ತುಂಬಿದ ಸ್ಟೀಲ್ ಪಾತ್ರೆಯಿಂದ ಸಲೈನ್ ಬಾಟಲಿಯನ್ನು ಎತ್ತಿ ಬಟ್ಟೆಯಲ್ಲಿ ಒರೆಸಿ ಸಿರಿಂಜಿಗೆ ತುಂಬಿಕೊಟ್ಟರು, ವೈದ್ಯರು ಅದರಿಂದ ನಾಳಗಳನ್ನು ಗಡಿಯಾರ ನೋಡಿಕೊಂಡು ತೊಳೆದರು. ಉಳುಕಿದ ಕಾಲಿಗೆ ಐಸ್ ಇಟ್ಟಂತೆ ಬೇರಿನ ತುದಿಯ ಉರಿಯೂತಕ್ಕೂ ತಂಪು ಕೊಡುವುದು ಇದರ ಉದ್ದೇಶ. ಮೆಕ್ಸಿಕೋದ ಹೋರ್ಹೆ ವೆರಾ ಮತ್ತು ಸಂಗಡಿಗರು ಕಿತ್ತ ಹಲ್ಲುಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 2.5 ಡಿಗ್ರಿ ಸೆಲ್ಸಿಯಸ್ ಸಲೈನಿನಿಂದ 5 ನಿಮಿಷ ತೊಳೆದಾಗ ಬೇರಿನ ಹೊರಮೈಯ ಉಷ್ಣತೆ 10 ಡಿಗ್ರಿಗಿಂತ ಹೆಚ್ಚು ಇಳಿದು, ಸುಮಾರು 4 ನಿಮಿಷ ಹಾಗೆಯೇ ಉಳಿದಿತ್ತು. ರೋಗಿಗಳ ಮೇಲೆ ನಡೆದ ನಂತರದ ಅಧ್ಯಯನಗಳಲ್ಲಿ ಇದರ ಪ್ರಯೋಜನ ಹೆಚ್ಚಾಗಿ ಕಂಡಿರುವುದು ಮೊದಲ ದಿನದ ನೋವಿನಲ್ಲಿ. ಮೂರ್ನಾಲ್ಕು ದಿನ ಕಳೆದ ಮೇಲೆ ಹೇಗೂ ಹೆಚ್ಚಿನವರ ನೋವು ಇಳಿದಿರುತ್ತದೆ. ಆದರೆ ರೋಗಿಗೆ ಬೇಕಾದದ್ದೇ ಆ ಮೊದಲ ರಾತ್ರಿಯ ನೆಮ್ಮದಿ. ಫ್ರಿಜ್ ಮತ್ತು ಸಲೈನ್ ಇರುವ ಯಾವ ಚಿಕಿತ್ಸಾಲಯವೂ ಹೆಚ್ಚಿನ ಖರ್ಚಿಲ್ಲದೆ ಇದನ್ನು ಮಾಡಬಹುದಾಗಿರುವಾಗ ಎಲ್ಲ ಕಡೆ ಏಕೆ ಮಾಡಬಾರದು ಎಂಬುದು ನನ್ನ ಮನಃಪೂರ್ವಕ ಪ್ರಶ್ನೆ.

ಕುಂದುಗಳೂ ಇದ್ದವು. ಒಂದು ಗಂಟೆ ಇಪ್ಪತ್ತು ನಿಮಿಷ ಬಾಯಿ ತೆರೆದು ಮಲಗಿದ್ದರಿಂದ ಹಲ್ಲಿಗಿಂತ ದವಡೆಯ ಕೀಲು ಎರಡು ದಿನ ಹೆಚ್ಚು ನೊಂದಿತು. ನಡುವೆ ಒಮ್ಮೆಯಾದರೂ ಬಿಡುವು ಕೊಡಬಹುದಿತ್ತು. ಮೊದಲ ಚಿಕಿತ್ಸೆಗೆ 3,500 ರೂಪಾಯಿ ಕೊಟ್ಟಿದ್ದವಳು ಇಲ್ಲಿ ಕ್ಯಾಪ್ ಬಿಟ್ಟು 6,000 ಕೊಟ್ಟೆ. ಆದರೆ ಯಾವುದಕ್ಕೆ ಎಷ್ಟು ಎಂಬ ವಿವರ ಬಿಲ್ಲಿನಲ್ಲಿರಲಿಲ್ಲ. ಮನೆಯಲ್ಲಿ ಪಾಲಿಸಬೇಕಾದ ಸೂಚನೆಗಳನ್ನು ಬಾಯಲ್ಲಿ ಹೇಳಿದರೇ ಹೊರತು ಬರೆದು ಕೊಡಲಿಲ್ಲ.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಚಿಕಿತ್ಸೆಗೆ ಮೊದಲೇ ನೋವು ಹೆಚ್ಚಿದ್ದವರಿಗೆ ನಂತರವೂ ನೋವು ಹೆಚ್ಚಿರುವ ಸಂಭವವಿದೆ. ನನ್ನ ಮೊದಲ ಹಲ್ಲು ಹತ್ತು ದಿನ ಒದ್ದಾಡಿಸಿದ ಮೇಲೆ ವೈದ್ಯರನ್ನು ಕಂಡಿತ್ತು, ಎರಡನೆಯದು ನಾಲ್ಕನೇ ದಿನವೇ ಕಂಡಿತು. ಆದ್ದರಿಂದ ವ್ಯತ್ಯಾಸದ ಪೂರ್ತಿ ಶ್ರೇಯಸ್ಸನ್ನು ತೊಳೆದ ಕ್ರಮಕ್ಕೇ ಕೊಡುವುದು ನ್ಯಾಯವಲ್ಲ. ಹಾಗಿದ್ದರೂ ಎರಡೂ ಕುರ್ಚಿಗಳಲ್ಲಿ ಕುಳಿತವಳಾಗಿ, ಇನ್ನೊಮ್ಮೆ ಆರಿಸುವ ಪ್ರಸಂಗ ಬಂದರೆ ನಾನು ರಬ್ಬರ್ ಹಾಳೆ ಮತ್ತು ಪಕ್ಕದಲ್ಲಿ ಸೀಳಿರುವ ಸೂಜಿಯನ್ನು ಬಳಸುವವರ ಬಳಿಗೇ ಹೋಗುತ್ತೇನೆ.

ಮೂರನೆಯ ದಿನ ಆ ಬದಿಯಿಂದಲೇ ರೊಟ್ಟಿ ಅಗಿದೆ, ಎರಡು ವಾರದ ನಂತರ ಕ್ಯಾಪ್ ಕೂರಿಸಿದರು. ಈಗ ನಮ್ಮ ಅಕ್ಕನ ಹಲ್ಲಿಗೂ ರೂಟ್ ಕೆನಾಲ್ ಆಗಬೇಕೆಂದಿದ್ದಾರೆ. ಅವಳಿರುವುದು ಚಿತ್ರದುರ್ಗದಲ್ಲಿ. ಅಲ್ಲಿನ ಚಿಕಿತ್ಸಾಲಯಕ್ಕೆ ಫೋನ್ ಮಾಡಿ, ರಬ್ಬರ್ ಡ್ಯಾಮ್ ಹಾಕುತ್ತೀರಾ, ಕೊನೆಯಲ್ಲಿ ತಣ್ಣನೆಯ ಸಲೈನಿನಿಂದ ತೊಳೆಯುತ್ತೀರಾ ಎಂದು ಕೇಳಿದೆ. ಮೊದಲನೆಯದಕ್ಕೆ ಹೌದೆಂದರು, ಎರಡನೆಯದನ್ನು ಈವರೆಗೆ ಮಾಡಿಲ್ಲ, ಆದರೆ ಬಾಟಲಿಯನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿಟ್ಟಿರುತ್ತೇವೆ, ಶುಕ್ರವಾರ ಕರೆದುಕೊಂಡು ಬನ್ನಿ ಎಂದರು.